ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ, ಎಷ್ಟು ಹೊತ್ತು?

ಪ್ರಶ್ನೆ: ನಾವು ಶಿವಮೊಗ್ಗದವರು. ಮಗಳ ಬಾಣಂತನಕ್ಕೆಂದು ನಾನೂ ನಮ್ಮ ಯಜಮಾನರೂ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದೇವೆ. ಇಬ್ಬರಿಗೂ ಇದೇ ಮೊದಲ ವಿಮಾನ ಪ್ರಯಾಣ. ಮೊಬೈಲಿನಲ್ಲಿ ನೋಡಿದರೆ ಬೆಂಗಳೂರಿನಿಂದ ಅಲ್ಲಿಗೆ 14,000 ಕಿ.ಮೀ. ಅಂತ ಬರುತ್ತದೆ. ಹಿಂದೊಮ್ಮೆ ನೇರ ವಿಮಾನದಲ್ಲಿ ಹೋಗಿಬಂದ ನಮ್ಮ ಭಾವ ಹೋಗುವಾಗ 16 ಗಂಟೆ, ಬರುವಾಗ ಹತ್ತಿರ ಹತ್ತಿರ 18 ಗಂಟೆ ಹಿಡಿಯಿತು ಅನ್ನುತ್ತಾರೆ. ಒಂದೇ ದೂರಕ್ಕೆ ಎರಡು ಲೆಕ್ಕ ಹೇಗೆ? ಮಧ್ಯಾಹ್ನ 2ಕ್ಕೆ ಹೊರಟು ಅದೇ ದಿನ ಸಂಜೆ ನಾಲ್ಕೂವರೆಗೆ ಇಳಿದರಂತೆ, ಅದಂತೂ ತಲೆಗೇ ಹೋಗಿಲ್ಲ. ಈಗ ಟ್ರಾವೆಲ್ಸ್‌ನವರು ದುಬೈ, ಫ್ರಾಂಕ್‌ಫರ್ಟ್, ಸಿಂಗಪುರ, ಟೋಕಿಯೋ ಅಂತ ನಾಲ್ಕು ದಾರಿ ಕೊಟ್ಟಿದ್ದಾರೆ. ಯಾವುದು ಹತ್ತಿರ? ಯಜಮಾನರಿಗೆ ಸಕ್ಕರೆ ಕಾಯಿಲೆ, ಮಂಡಿನೋವು ಇದೆ.

ಉತ್ತರ: ನಮಸ್ಕಾರ ಅಮ್ಮ. ಮೊಬೈಲ್ ಹೇಳಿದ 14,000 ಕಿ.ಮೀ. ಸರಿ. ನಿಮ್ಮ ಭಾವನವರು ಹೇಳಿದ 16 ಗಂಟೆಯೂ ಸರಿ, 18 ಗಂಟೆಯೂ ಸರಿ. ಮಧ್ಯಾಹ್ನ ಹೊರಟು ಅದೇ ಸಂಜೆ ಇಳಿದದ್ದೂ ನಿಜ. ಆದರೆ ಆ ಕಿಲೋಮೀಟರ್ ಲೆಕ್ಕ ಹಿಡಿದು ನೀವು ದಾರಿ ಆರಿಸಿದರೆ ಮೋಸ ಹೋಗುತ್ತೀರಿ. ಆಕಾಶದಲ್ಲಿ ದೂರವನ್ನು ಅಳೆಯುವುದು ಗಾಳಿ. ನಾನು ಇಪ್ಪತ್ತೆಂಟು ವರ್ಷ ಫ್ಲೈಟ್ ಡಿಸ್ಪ್ಯಾಚರ್ ಆಗಿದ್ದವನು. ವಿಮಾನ ಹೊರಡುವ ಕೆಲವು ಗಂಟೆ ಮೊದಲು ಗಾಳಿಯ ನಕ್ಷೆ ಮುಂದಿಟ್ಟುಕೊಂಡು, ಇವತ್ತು ಯಾವ ದಾರಿ, ಎಷ್ಟು ಎತ್ತರ, ಎಷ್ಟು ಇಂಧನ ಎಂದು ಲೆಕ್ಕ ಕಟ್ಟಿ ಪೈಲಟ್‌ಗೆ ಕೊಡುವುದು ನಮ್ಮ ಕೆಲಸವಾಗಿತ್ತು. ಆ ಮೇಜಿನ ಮೇಲೆ ಕಂಡದ್ದನ್ನೇ ನಿಮಗೆ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಸಾವಧಾನದಿಂದ ಓದಿ.

ಮೊದಲು ಆ 14,000 ಎಲ್ಲಿಂದ ಬಂತು ನೋಡೋಣ. ನಮ್ಮ ಮನೆಯಲ್ಲಿ 30 ಸೆಂ.ಮೀ. ಅಡ್ಡಳತೆಯ ಒಂದು ಗ್ಲೋಬ್ ಇದೆ. ಮೊಮ್ಮಕ್ಕಳು ಕೇಳಿದಾಗಲೆಲ್ಲ ಹೊಲಿಗೆ ದಾರ ತಂದು ಒಂದು ತುದಿಯನ್ನು ಬೆಂಗಳೂರಿನ ಮೇಲೆ ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೋಗೆ ಎಳೆದು ತೋರಿಸುತ್ತೇನೆ. ದಾರ ಸಡಿಲವಿದ್ದಾಗ ಎಲ್ಲೆಲ್ಲಿಗೋ ಜಾರುತ್ತದೆ. ಬಿಗಿಯಾಗಿ ಎಳೆದ ಕೂಡಲೇ ತಾನಾಗಿ ಮೇಲಕ್ಕೆ, ಉತ್ತರಕ್ಕೆ ಸರಿದು ನಿಲ್ಲುತ್ತದೆ. ಆ ದಾರ ಬಿಚ್ಚಿ ಸ್ಕೇಲಿಗೆ ಹಿಡಿದರೆ ಸುಮಾರು 33 ಸೆಂ.ಮೀ. ಆ ಗ್ಲೋಬಿನ ಸುತ್ತಳತೆ 94 ಸೆಂ.ಮೀ., ಭೂಮಿಯ ಸುತ್ತಳತೆ 40,000 ಕಿ.ಮೀ.; ಹಾಗಾಗಿ 33 ಸೆಂ.ಮೀ. ಅಂದರೆ 14,000 ಕಿ.ಮೀ. ನಿಮ್ಮ ಮೊಬೈಲ್ ಮಾಡಿದ್ದೂ ಇದೇ ಲೆಕ್ಕ, ದಾರದ ಬದಲು ಗಣಿತದಿಂದ.

ಶಾಲೆಯ ಗೋಡೆಯ ಮೇಲಿನ ಭೂಪಟ ನೋಡಿ ಬೆಳೆದ ನಮಗೆಲ್ಲ ಅಮೆರಿಕ ಪಶ್ಚಿಮಕ್ಕಿದೆ ಅನ್ನಿಸುತ್ತದೆ. ಆ ಭೂಪಟದಲ್ಲಿ ಬೆಂಗಳೂರಿನಿಂದ ಸ್ಕೇಲ್ ಇಟ್ಟು ಗೆರೆ ಎಳೆದರೆ ಅದು ಅರಬ್ಬೀ ಸಮುದ್ರ, ಸಹಾರಾ ಮರುಭೂಮಿ, ಅಟ್ಲಾಂಟಿಕ್ ಸಾಗರ ದಾಟಿ ಹೋಗುತ್ತದೆ. ನೋಡಲು ನೇರ. ನಿಜವಾಗಿ ಆ ಗೆರೆಯ ಮೇಲೆ ಹಾರಿದರೆ 20,000 ಕಿ.ಮೀ. ಆಗುತ್ತದೆ, ಅಂದರೆ ಭೂಮಿಯ ಅರ್ಧ ಸುತ್ತು.

ದಾರ ತೋರಿಸಿದ ದಾರಿಯೇ ಬೇರೆ. ಅದು ದೇವನಹಳ್ಳಿಯಿಂದ ಹೊರಟು ಈಶಾನ್ಯಕ್ಕೆ ತಿರುಗುತ್ತದೆ. ತೆಲಂಗಾಣ, ಛತ್ತೀಸ್‌ಗಢ ದಾಟಿ, ಪ್ರಯಾಗಕ್ಕೂ ಕಾಶಿಗೂ ನಡುವೆ ಗಂಗೆಯನ್ನು ಹಾಯ್ದು, ನೇಪಾಳದಲ್ಲಿ ಅನ್ನಪೂರ್ಣ ಪರ್ವತಗಳ ಆಸುಪಾಸಿನಲ್ಲಿ ಹಿಮಾಲಯ ಏರುತ್ತದೆ. ಆಮೇಲೆ ಟಿಬೆಟ್, ಮಂಗೋಲಿಯದ ಪಶ್ಚಿಮ ಭಾಗ, ಸೈಬೀರಿಯ. ರಷ್ಯದ ಉತ್ತರ ಅಂಚಿನ ಪೂರ್ವ ಸೈಬೀರಿಯ ಸಮುದ್ರದ ಮೇಲೆ ಸುಮಾರು 71 ಡಿಗ್ರಿ ಅಕ್ಷಾಂಶ ಮುಟ್ಟಿ, ಅಲ್ಲಿಂದ ಕೆಳಕ್ಕೆ ಬಾಗಿ, ಅಲಾಸ್ಕ ದಾಟಿ, ಅಮೆರಿಕದ ಪಶ್ಚಿಮ ಕರಾವಳಿ ಹಿಡಿದು ಸ್ಯಾನ್ ಫ್ರಾನ್ಸಿಸ್ಕೋಗೆ ಇಳಿಯುತ್ತದೆ. ನನ್ನ ಹಳೆಯ ಕೆಲಸದ ಮೇಲೆ ಎಷ್ಟು ಅಭಿಮಾನ ಇದ್ದರೂ ಈ ಗೆರೆ ನೋಡಿದಾಗ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಕಾಶಿಯ ಮಗ್ಗುಲಲ್ಲಿ ಹೋಗುವ ದಾರಿಯೇ ಕ್ಯಾಲಿಫೋರ್ನಿಯಕ್ಕೂ ಹತ್ತಿರದ ದಾರಿ.

ಆದರೆ ಆ ಗೆರೆಯ ಮೇಲೆ ಪ್ರಯಾಣಿಕರ ವಿಮಾನ ಹಾರುವುದಿಲ್ಲ. ಕಾರಣಗಳು ಹಲವು. ಮೊದಲನೆಯದು ಟಿಬೆಟ್. ಹಾರುವ ವಿಮಾನದೊಳಗಿನ ಗಾಳಿಯ ಒತ್ತಡ ಅಕಸ್ಮಾತ್ ಇಳಿದುಹೋದರೆ ಪೈಲಟ್ ತಕ್ಷಣ ಸುಮಾರು 3,000 ಮೀಟರ್ ಎತ್ತರಕ್ಕೆ ಇಳಿಸಬೇಕು, ಜನ ಮಾಮೂಲಾಗಿ ಉಸಿರಾಡಬಲ್ಲ ಎತ್ತರ ಅದು. ಟಿಬೆಟ್ಟಿನ ನೆಲವೇ ಸರಾಸರಿ 4,500 ಮೀಟರಿಗೂ ಮೇಲಿದೆ. ಇಳಿಯುವುದೆಲ್ಲಿಗೆ? ಹಾಗಾಗಿ ವಿಮಾನಗಳು ಆ ಪ್ರಸ್ಥಭೂಮಿಯನ್ನು ಬಳಸಿಕೊಂಡು ಹೋಗುತ್ತವೆ. ಎರಡನೆಯದು ದೇಶಗಳ ಜಗಳ. 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ರಷ್ಯದ ಆಕಾಶ ಅಮೆರಿಕ ಮತ್ತು ಯುರೋಪಿನ ಕಂಪನಿಗಳಿಗೆ ಮುಚ್ಚಿತು, ಭಾರತದ ವಿಮಾನಗಳಿಗೆ ಮುಚ್ಚಲಿಲ್ಲ. 2025ರ ಏಪ್ರಿಲ್ 24ರಿಂದ ಪಾಕಿಸ್ತಾನ ತನ್ನ ಆಕಾಶವನ್ನು ನಮ್ಮ ವಿಮಾನಗಳಿಗೆ ಮುಚ್ಚಿತು, ಬೇರೆಯವರಿಗೆ ಮುಚ್ಚಲಿಲ್ಲ. ಆದ್ದರಿಂದ ಅದೇ ಎರಡು ಊರುಗಳ ನಡುವೆ ಒಂದು ಕಂಪನಿಯ ದಾರಿ ಒಂದು, ಇನ್ನೊಂದರ ದಾರಿ ಇನ್ನೊಂದು. ಮೂರನೆಯ ಕಾರಣ ಗಾಳಿ. ನಿಮ್ಮ 16 ಮತ್ತು 18ರ ಗುಟ್ಟು ಇರುವುದು ಅಲ್ಲೇ.

ನೆಲದಿಂದ ಒಂಬತ್ತು ಹತ್ತು ಕಿ.ಮೀ. ಮೇಲೆ, ವಿಮಾನಗಳು ಹಾರುವ ಎತ್ತರದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ಹೊಳೆಗಳು ಹರಿಯುತ್ತವೆ. ಜೆಟ್ ಸ್ಟ್ರೀಮ್ ಅನ್ನುವುದು ಇದಕ್ಕೇ. ಉಷ್ಣವಲಯದ ಬಿಸಿಗೂ ಧ್ರುವದ ಚಳಿಗೂ ಇರುವ ಅಂತರ ಹೆಚ್ಚಿದಷ್ಟೂ ಈ ಹೊಳೆಯ ಸೆಳೆತ ಹೆಚ್ಚು, ಅದಕ್ಕೇ ಚಳಿಗಾಲದಲ್ಲಿ ಜೋರು. ಜಪಾನಿನ ಮೇಲೆ ಜನವರಿಯಲ್ಲಿ ಗಂಟೆಗೆ 250 ಕಿ.ಮೀ. ಮೀರಿದ ಗಾಳಿ ಎಷ್ಟೋ ಸಲ ನನ್ನ ನಕ್ಷೆಯಲ್ಲಿ ಬಂದಿದೆ. ಇದನ್ನು ಮೊದಲು ಅಳೆದವರಲ್ಲಿ ಒಬ್ಬರು ಜಪಾನಿನ ಹವಾಮಾನ ವಿಜ್ಞಾನಿ ವಾಸಬುರೊ ಓಇಶಿ. 1920ರ ದಶಕದಲ್ಲಿ ಬಲೂನು ಹಾರಿಬಿಟ್ಟು ಅಳೆದರು. ಆ ವರದಿಯನ್ನು ಎಸ್ಪೆರಾಂಟೊ ಎಂಬ, ಎಲ್ಲ ದೇಶದವರಿಗೂ ಆಗಲೆಂದು ಕಟ್ಟಿದ ಕೃತಕ ಭಾಷೆಯಲ್ಲಿ ಪ್ರಕಟಿಸಿದ್ದರಿಂದ ಹೊರಗಿನವರು ಹೆಚ್ಚು ಜನ ಗಮನಿಸಲಿಲ್ಲ. ಅಷ್ಟು ದೊಡ್ಡ ಶೋಧ ಹಾಗೆ ಮೂಲೆಗೆ ಬಿದ್ದಿದ್ದು ನನಗೆ ಇಂದಿಗೂ ಬೇಸರದ ಸಂಗತಿ.

ಮಳೆಗಾಲದ ತುಂಗೆಯನ್ನು ನೀವು ನೋಡಿದವರು, ನಿಮಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಹೊಳೆ ಹರಿದತ್ತ ದೋಣಿ ಬಿಟ್ಟರೆ ಹುಟ್ಟು ಹಾಕುವುದೇ ಬೇಡ, ಎದುರು ಹೋಗಬೇಕೆಂದರೆ ರಟ್ಟೆ ಬಿದ್ದುಹೋಗುತ್ತದೆ. ದೊಡ್ಡ ಜೆಟ್ ವಿಮಾನ ಗಾಳಿಯೊಳಗೆ ಗಂಟೆಗೆ ಸುಮಾರು 900 ಕಿ.ಮೀ. ವೇಗದಲ್ಲಿ ಸಾಗುತ್ತದೆ. ಗಾಳಿ ಇಲ್ಲದ ದಿನ 14,000 ಕಿ.ಮೀ.ಗೆ ಹದಿನೈದೂವರೆ ಗಂಟೆ. ಬೆನ್ನಿಗೆ 100 ಕಿ.ಮೀ. ಗಾಳಿ ಸಿಕ್ಕರೆ ನೆಲದ ಮೇಲಿನ ವೇಗ 1,000 ಆಗಿ 14 ಗಂಟೆ ಸಾಕು. ಅದೇ ಗಾಳಿ ಎದುರಾದರೆ ವೇಗ 800ಕ್ಕೆ ಇಳಿದು ಹದಿನೇಳೂವರೆ ಗಂಟೆ ಬೇಕು. ಹೋಗುವಾಗ ಉಳಿದದ್ದು ಒಂದೂವರೆ ಗಂಟೆ, ಬರುವಾಗ ಕಳೆದದ್ದು ಎರಡು ಗಂಟೆ. ಯಾಕೆಂದರೆ ಎದುರುಗಾಳಿಯಲ್ಲಿ ನಿಧಾನವಾದ ವಿಮಾನ ಅದೇ ಗಾಳಿಯೊಳಗೆ ಇನ್ನಷ್ಟು ಹೊತ್ತು ಸಿಕ್ಕಿಕೊಳ್ಳುತ್ತದೆ.

ಭೂಮಿ ಪೂರ್ವಕ್ಕೆ ತಿರುಗುವುದರಿಂದ ಊರು ಎದುರು ಬಂದು ಸಿಗುತ್ತದೆ ಎಂಬ ವಿವರಣೆ ವಾಟ್ಸಾಪಿನಲ್ಲಿ ಓಡಾಡುತ್ತಿರುತ್ತದೆ. ಅದು ತಪ್ಪು. ಭೂಮಿ ತಿರುಗುವಾಗ ಗಾಳಿಯೂ ಅದರೊಳಗಿನ ವಿಮಾನವೂ ಅದರ ಜೊತೆಯಲ್ಲೇ ತಿರುಗುತ್ತಿರುತ್ತವೆ. ಲೆಕ್ಕಕ್ಕೆ ಬರುವುದು ನೆಲಕ್ಕಿಂತ ಮುಂದೋಡುವ ಗಾಳಿ ಮಾತ್ರ.

ಗಾಳಿಗಾಗಿ ಎಷ್ಟು ದೂರ ಸುತ್ತಬಹುದು ಎಂಬುದಕ್ಕೆ ನಮ್ಮ ದೇಶದ್ದೇ ಉದಾಹರಣೆ ಇದೆ. 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನವನ್ನು ಅಟ್ಲಾಂಟಿಕ್ ಕಡೆಯಿಂದ ತೆಗೆದು ಪೆಸಿಫಿಕ್ ಸಾಗರದ ಮೇಲೆ ಕಳಿಸಿತು. ಅಟ್ಲಾಂಟಿಕ್ ದಾರಿ ಸುಮಾರು 13,900 ಕಿ.ಮೀ., ಪೆಸಿಫಿಕ್ ದಾರಿ ಸುಮಾರು 15,300 ಕಿ.ಮೀ. ಹಾರಿದ್ದು 1,400 ಕಿ.ಮೀ. ಹೆಚ್ಚು, ತಲುಪಿದ್ದು ಸುಮಾರು ಎರಡು ಗಂಟೆ ಮೊದಲು, ಹದಿನಾಲ್ಕೂವರೆ ಗಂಟೆಯಲ್ಲಿ. ಕಿಲೋಮೀಟರ್ ನೋಡಿ ದಾರಿ ಆರಿಸಬೇಡಿ ಎಂದು ನಾನು ಹೇಳುವುದು ಇದಕ್ಕೇ.

ಬೆಂಗಳೂರಿನ ನೇರ ವಿಮಾನದ ವಿಷಯವೂ ಹೀಗೆಯೇ. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಮೊದಲ ವಿಮಾನ, ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ, ಕಾಕ್‌ಪಿಟ್ಟಿನಲ್ಲಿ ಬರೀ ಹೆಣ್ಣುಮಕ್ಕಳೇ ಇದ್ದು, ಉತ್ತರ ಧ್ರುವದ ಮೇಲೆ ಹಾದು ಬಂತು. ಧ್ರುವ ಅಂದರೆ ದೊಡ್ಡ ಸುತ್ತು ಅನ್ನಿಸುತ್ತದೆ, ಲೆಕ್ಕ ಹಾಕಿ ನೋಡಿ: ಒಂದು ಡಿಗ್ರಿ ಅಕ್ಷಾಂಶ ಅಂದರೆ 111 ಕಿ.ಮೀ. ಬೆಂಗಳೂರಿನ ನಿಲ್ದಾಣದಿಂದ ಧ್ರುವಕ್ಕೆ ಸುಮಾರು 77 ಡಿಗ್ರಿ, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋಗೆ 52 ಡಿಗ್ರಿಗಿಂತ ತುಸು ಹೆಚ್ಚು. ಕೂಡಿದರೆ 14,400 ಕಿ.ಮೀ. ಒಳಗೇ ಬರುತ್ತದೆ. ದಾರದ ದಾರಿಗಿಂತ ನಾನೂರು ಕಿ.ಮೀ. ಕೂಡ ಹೆಚ್ಚಿಲ್ಲ, ಜೆಟ್ ಸ್ಟ್ರೀಮ್‌ನ ಎದುರುಗಾಳಿಯೂ ಅಷ್ಟಾಗಿ ಇಲ್ಲ. ಆದರೂ ಅವತ್ತು ಹಾರಿದ ದೂರ ಸುಮಾರು 16,000 ಕಿ.ಮೀ. ಎಂದು ಪತ್ರಿಕೆಗಳಲ್ಲಿ ಬಂತು. ಗುರುತು ಹಾಕಿದ ಮಾರ್ಗಗಳು, ಅನುಮತಿ ಇರುವ ಆಕಾಶ, ತುರ್ತಿಗೆ ಇಳಿಯಬಹುದಾದ ನಿಲ್ದಾಣಗಳು ಇವನ್ನೆಲ್ಲ ಕೂಡಿಸಿ ಗೆರೆ ಎಳೆಯುವಾಗ ದಾರ ಹೀಗೆ ಸಡಿಲವಾಗುತ್ತದೆ. ಧ್ರುವದ ಮೇಲೆ ಇಂಧನದ ಚಳಿಯನ್ನೂ ಕಾಯಬೇಕು. ಅಮೆರಿಕದಲ್ಲಿ ತುಂಬುವ ಜೆಟ್ ಇಂಧನ ಮೈನಸ್ 40 ಡಿಗ್ರಿಯ ಹೊತ್ತಿಗೆ ಗಟ್ಟಿಯಾಗಲು ತೊಡಗಬಹುದು. ಟ್ಯಾಂಕಿನ ಉಷ್ಣತೆ ಅತ್ತ ಇಳಿಯುತ್ತಿದೆ ಅಂತ ಕಂಡರೆ ಪೈಲಟ್ ಎತ್ತರವನ್ನೋ ವೇಗವನ್ನೋ ಬದಲಿಸುತ್ತಾರೆ.

ಆ ನೇರ ಸೇವೆ ನಡುವೆ ನಿಂತು 2022ರ ಡಿಸೆಂಬರ್‌ನಲ್ಲಿ ಮತ್ತೆ ಶುರುವಾಗಿತ್ತು. ಇಷ್ಟು ಉದ್ದದ ಸೇವೆಗಳು ಹೀಗೆ ಬರುತ್ತವೆ, ಹೋಗುತ್ತವೆ. ನೀವು ಟಿಕೆಟ್ ಮಾಡುವ ದಿನ ವೇಳಾಪಟ್ಟಿಯಲ್ಲಿ ನೇರ ವಿಮಾನ ಇದ್ದರೆ ಬೇರೆ ಯೋಚನೆ ಬೇಡ, ಅದನ್ನೇ ಹಿಡಿಯಿರಿ. ಇಲ್ಲವಾದರೆ ಆ ನಾಲ್ಕು ದಾರಿಗಳಿಗೆ ಬರೋಣ.

ಅದಕ್ಕೂ ಮೊದಲು ಗಡಿಯಾರದ ವಿಷಯ ಮುಗಿಸಿಬಿಡುತ್ತೇನೆ. ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಮಧ್ಯಾಹ್ನ 2ಕ್ಕೆ ಬೆಂಗಳೂರು ಬಿಟ್ಟ ನಿಮ್ಮ ಭಾವನವರು 16 ಗಂಟೆ ಕಳೆದು ಇಳಿದಾಗ ನಮ್ಮಲ್ಲಿ ಮರುದಿನ ಬೆಳಗ್ಗೆ 6. ಅದರಿಂದ ಹದಿಮೂರೂವರೆ ಕಳೆಯಿರಿ: ಹಿಂದಿನ ದಿನದ ಸಂಜೆ ನಾಲ್ಕೂವರೆ, ಅಂದರೆ ಹೊರಟ ದಿನವೇ. ಬರುವಾಗ ಇದರ ತದ್ವಿರುದ್ಧ. 10ನೇ ತಾರೀಖು ರಾತ್ರಿ 9ಕ್ಕೆ ಅಲ್ಲಿಂದ ಹೊರಟರೆ ನಮ್ಮಲ್ಲಿ ಆಗಲೇ 11ರ ಬೆಳಗ್ಗೆ ಹತ್ತೂವರೆ. ಹದಿನೇಳೂಮುಕ್ಕಾಲು ಗಂಟೆ ಹಾರಿ ಇಳಿಯುವುದು 12ರ ನಸುಕಿನ ನಾಲ್ಕೂಕಾಲಿಗೆ. ನನ್ನ ಅಕ್ಕ ಮಗನನ್ನು ಕರೆತರಲು ಇಂಥದ್ದೇ ಲೆಕ್ಕ ತಪ್ಪಿ ಒಂದು ದಿನ ಮೊದಲೇ ಕಾರು ಮಾಡಿಕೊಂಡು ಹೋಗಿ, ಬೆಳಗಿನ ತನಕ ನಿಲ್ದಾಣದ ಹೊರಗೆ ಫ್ಲಾಸ್ಕಿನ ಕಾಫಿ ಹಿಡಿದು ಕಾದಿದ್ದಳು. ಟಿಕೆಟ್ಟಿನಲ್ಲಿ ಇಳಿಯುವ ಹೊತ್ತಿನ ಪಕ್ಕ ಸಣ್ಣದಾಗಿ +1, +2 ಎಂದಿರುತ್ತದೆ. ಹೊರಟ ತಾರೀಖಿಗೆ ಅಷ್ಟು ದಿನ ಕೂಡಿಸಬೇಕು ಅಂತ ಅದರ ಅರ್ಥ. ಅಲ್ಲಿ ಮಾರ್ಚ್ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ನೀವು ಬೇಸಿಗೆಯಲ್ಲಿ ಮರಳುವಾಗ ಅಂತರ ಹನ್ನೆರಡೂವರೆ ಗಂಟೆ ಆಗಿರುತ್ತದೆ.

ಈಗ ದಾರಿಗಳು. ಟೋಕಿಯೋ ಮೂಲಕ 6,700 ಮತ್ತು 8,230, ಒಟ್ಟು 14,930 ಕಿ.ಮೀ. ದುಬೈ ಮೂಲಕ 2,690 ಮತ್ತು 13,020, ಒಟ್ಟು 15,710. ಫ್ರಾಂಕ್‌ಫರ್ಟ್ ಮೂಲಕ 16,550. ಸಿಂಗಪುರ ಮೂಲಕ 16,770. ಇವೆಲ್ಲ ದಾರದ ಲೆಕ್ಕಗಳು, ಹಾರುವುದು ಇದಕ್ಕಿಂತ ಹೆಚ್ಚು. ದುಬೈಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ದಾರ ಎಳೆದರೆ ಅದು ಉತ್ತರ ಧ್ರುವದ 200 ಕಿ.ಮೀ. ಸಮೀಪಕ್ಕೆ ಹೋಗುತ್ತದೆ. ಬೆಂಗಳೂರಿನ ದಾರಕ್ಕಿಂತ ಅದೇ ಧ್ರುವಕ್ಕೆ ಹತ್ತಿರ.

ಹೊತ್ತಿಗೆ ಬಂದರೆ ಚಿತ್ರ ಬದಲಾಗುತ್ತದೆ. ದುಬೈಗೆ ನಾಲ್ಕು ಗಂಟೆ, ಅಲ್ಲಿಂದ ಸುಮಾರು ಹದಿನಾರು, ಒಟ್ಟು ಇಪ್ಪತ್ತು. ಸಿಂಗಪುರ ಅದಕ್ಕಿಂತ ಸಾವಿರ ಕಿ.ಮೀ. ದೂರ, ಆದರೂ ಚಳಿಗಾಲದಲ್ಲಿ ಬೆನ್ನುಗಾಳಿ ಸಿಗುವುದರಿಂದ ನಾಲ್ಕೂವರೆ ಮತ್ತು ಹದಿನೈದು, ಹೆಚ್ಚು ಕಡಿಮೆ ಅಷ್ಟೇ ಹೊತ್ತು. ಫ್ರಾಂಕ್‌ಫರ್ಟ್ ದಾರಿಯಲ್ಲಿ ಎರಡೂ ತುಂಡು ಪಶ್ಚಿಮಕ್ಕೇ ಹೋಗುವುದರಿಂದ ಇಪ್ಪತ್ತೊಂದು ಇಪ್ಪತ್ತೆರಡು ಗಂಟೆ. ಟೋಕಿಯೋಗೆ ಸುಮಾರು ಎಂಟು ಗಂಟೆ, ಅಲ್ಲಿಂದ ಜನವರಿಯಲ್ಲಿ ಒಂಬತ್ತು ಗಂಟೆ, ಒಟ್ಟು ಹದಿನೇಳು ಚಿಲ್ಲರೆ.

ನಿಮ್ಮ ಯಜಮಾನರ ಮಂಡಿ ನೆನೆದು ನಾನು ಟೋಕಿಯೋ ದಾರಿಯನ್ನೇ ಹೇಳುತ್ತೇನೆ. ಹೊತ್ತು ಕಡಿಮೆ ಎಂಬುದಕ್ಕಿಂತ, ಪ್ರಯಾಣ ಎಂಟು, ಒಂಬತ್ತು ಗಂಟೆಗಳ ಎರಡು ಸಮ ತುಂಡಾಗುತ್ತದೆ ಎಂಬುದು ಮುಖ್ಯ. ದುಬೈ ದಾರಿಯಲ್ಲಿ ನಾಲ್ಕು ಗಂಟೆಗೆ ಎದ್ದು, ಮತ್ತೆ ಹದಿನಾರು ಗಂಟೆ ಒಂದೇ ಸೀಟಿನಲ್ಲಿ ಕೂರಬೇಕು. ಅರವತ್ತು ದಾಟಿದ ಮಂಡಿಗೆ ಅದು ಶಿಕ್ಷೆ. ಆದರೆ ಒಂದು ಎಚ್ಚರ: ಟೋಕಿಯೋಗೆ ಎರಡು ವಿಮಾನ ನಿಲ್ದಾಣಗಳಿವೆ, ನರಿತಾ ಮತ್ತು ಹನೇಡಾ. ನೀವು ಇಳಿಯುವುದೂ ಮುಂದಕ್ಕೆ ಹತ್ತುವುದೂ ಒಂದೇ ನಿಲ್ದಾಣದಲ್ಲಿ ಇರಬೇಕು. ಬೇರೆ ಬೇರೆಯಾದರೆ ಜಪಾನಿನೊಳಗೆ ಹೊಕ್ಕು ಹೊರಬರಬೇಕಾಗುತ್ತದೆ, ಅದಕ್ಕೆ ವೀಸಾ ಬೇಕು. ಟ್ರಾವೆಲ್ಸ್‌ನವರನ್ನು ಇದೊಂದನ್ನು ಎರಡು ಸಲ ಕೇಳಿ. ಅಲ್ಲಿಗೆ ಅನುಕೂಲದ ಸಮಯ ಸಿಗದಿದ್ದರೆ ನನ್ನ ಎರಡನೇ ಆಯ್ಕೆ ಫ್ರಾಂಕ್‌ಫರ್ಟ್, ಗಂಟೆ ಹೆಚ್ಚಾದರೂ ಅದೂ ಸಮ ತುಂಡು.

ಯಾವ ದಾರಿಯಾದರೂ ಎರಡು ವಿಮಾನವೂ ಒಂದೇ ಟಿಕೆಟ್ಟಿನಲ್ಲಿರಲಿ, ನಡುವೆ ಮೂರು ಗಂಟೆಗೆ ಕಡಿಮೆ ಬೇಡ. ಅಗ್ಗ ಅಂತ ಅಮೆರಿಕದ ಇನ್ನೊಂದು ಊರಿನಲ್ಲಿ ಇಳಿಸಿ ಸ್ಯಾನ್ ಫ್ರಾನ್ಸಿಸ್ಕೋಗೆ ಕಳಿಸುವ ಟಿಕೆಟ್ ಒಪ್ಪಬೇಡಿ. ಅಮೆರಿಕದಲ್ಲಿ ಮೊದಲು ಇಳಿದ ಊರಲ್ಲೇ ಇಮಿಗ್ರೇಷನ್ ಆಗಬೇಕು, ಪೆಟ್ಟಿಗೆಗಳನ್ನು ನೀವೇ ಇಳಿಸಿಕೊಂಡು ಮತ್ತೆ ಹಾಕಬೇಕಾಗುತ್ತದೆ. ಮೊದಲ ಪ್ರಯಾಣದಲ್ಲಿ ಆ ಧಾವಂತ ಬೇಡ. ಟಿಕೆಟ್ ಮಾಡುವಾಗಲೇ ಇಬ್ಬರಿಗೂ ವೀಲ್‌ಚೇರ್ ಕೇಳಿ, ಸಂಕೋಚ ಪಡಬೇಡಿ. ಕರೆದುಕೊಂಡು ಹೋಗುವವರು ದಾರಿಯನ್ನೂ ತೋರಿಸುತ್ತಾರೆ.

ಟಿಕೆಟ್ಟಿನಲ್ಲಿ ಬರೆದ ಗಂಟೆ ಬಾಗಿಲು ಮುಚ್ಚಿ ವಿಮಾನ ಜಾಗ ಬಿಟ್ಟಾಗಿನಿಂದ ಅಲ್ಲಿ ನಿಲ್ಲುವ ತನಕದ್ದು. ನಿಮ್ಮ ಪ್ರಯಾಣ ಶುರುವಾಗುವುದು ಶಿವಮೊಗ್ಗದ ಮನೆ ಬಾಗಿಲಲ್ಲಿ. ದೇವನಹಳ್ಳಿಗೆ ಏಳು ಗಂಟೆ, ಅಲ್ಲಿ ನಾಲ್ಕು, ಹಾರುವುದು ಹದಿನೇಳು, ನಡುವೆ ಕಾಯುವುದು ನಾಲ್ಕು, ಅಲ್ಲಿ ಇಳಿದು ಹೊರಬರಲು ಎರಡು, ಮಗಳ ಮನೆಗೆ ಒಂದು. ಮೂವತ್ತೈದು ಗಂಟೆ. ಸಾಧ್ಯವಾದರೆ ಹಿಂದಿನ ದಿನವೇ ಬೆಂಗಳೂರಿಗೆ ಬಂದು ನೆಂಟರ ಮನೆಯಲ್ಲಿ ಒಂದು ರಾತ್ರಿ ಮಲಗಿ ಹೊರಡಿ.

ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್ ಇದ್ದರೆ ಅದೂ, ವೈದ್ಯರ ಚೀಟಿಯ ಸಮೇತ ಕೈಚೀಲದಲ್ಲೇ ಇರಲಿ. ಕೆಳಗೆ ಹಾಕುವ ಪೆಟ್ಟಿಗೆಯಲ್ಲಿ ಇಟ್ಟರೆ ಚಳಿಗೆ ಇನ್ಸುಲಿನ್ ಕೆಡಬಹುದು, ಪೆಟ್ಟಿಗೆ ಬೇರೆ ಊರಿಗೂ ಹೋಗಬಹುದು. ದಿನವೇ ಹದಿಮೂರೂವರೆ ಗಂಟೆ ಹಿಗ್ಗುವುದರಿಂದ ಯಾವ ಹೊತ್ತಿಗೆ ಯಾವ ಮಾತ್ರೆ ಎಂಬುದನ್ನು ಹೊರಡುವ ಮೊದಲೇ ನಿಮ್ಮ ವೈದ್ಯರ ಹತ್ತಿರ ಬರೆಸಿಕೊಳ್ಳಿ. ಯಜಮಾನರ ಕೈಗಡಿಯಾರ ಮಗಳ ಮನೆ ತಲುಪುವ ತನಕ ನಮ್ಮ ಊರಿನ ಸಮಯದಲ್ಲೇ ಇರಲಿ, ಮಾತ್ರೆಯ ಲೆಕ್ಕ ತಪ್ಪುವುದಿಲ್ಲ. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಕಾಲು ಆಡಿಸದೆ ಕೂತರೆ ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚುತ್ತದೆ. ನಡುದಾರಿಯ ಪಕ್ಕದ ಸೀಟು ಕೇಳಿ ತೆಗೆದುಕೊಂಡು, ಎರಡು ಗಂಟೆಗೊಮ್ಮೆ ಎದ್ದು ಹಿಂದಿನ ತನಕ ನಡೆದು ಬನ್ನಿ. ಬಾಣಂತಿಗೆಂದು ಒಯ್ಯುವ ಅಂಟಿನುಂಡೆ, ಮೆಂತ್ಯದ ಹಿಟ್ಟು ಏನಿದ್ದರೂ ಅಲ್ಲಿನ ಕಸ್ಟಮ್ಸ್‌ನವರು ಕೇಳಿದಾಗ ಇದೆ ಅಂತಲೇ ಹೇಳಿ.

ಜನವರಿಯ ಬೆನ್ನುಗಾಳಿಯಲ್ಲಿ ವಿಮಾನ ಅರ್ಧ ಮುಕ್ಕಾಲು ಗಂಟೆ ಮೊದಲೇ ಇಳಿಯುವುದುಂಟು. ಅಳಿಯಂದಿರಿಗೆ ಟಿಕೆಟ್ಟಿನ ಸಮಯ ಮಾತ್ರ ಹೇಳಿ ಬಿಡಬೇಡಿ, ವಿಮಾನದ ನಂಬರ್ ಕೊಡಿ, ಅವರು ಮೊಬೈಲಿನಲ್ಲಿ ನೋಡಿಕೊಂಡು ಬರುತ್ತಾರೆ. ನನಗೂ ಆ ನಂಬರ್ ಮತ್ತು ಹೊರಡುವ ತಾರೀಖು ಬರೆದು ಕಳಿಸಿ. ಹಿಂದಿನ ದಿನದ ಗಾಳಿಯ ನಕ್ಷೆ ತೆಗೆದು, ಜಪಾನಿನ ಮೇಲೆ ಅವತ್ತು ಎಷ್ಟು ಜೋರಿದೆ, ನೀವು ಎಷ್ಟು ಹೊತ್ತಿಗೆ ಇಳಿಯುತ್ತೀರಿ ಅಂತ ಲೆಕ್ಕ ಹಾಕಿ ತಿಳಿಸುತ್ತೇನೆ.